ಕತ್ತೆ ಕಲಿತ ಕಾಗುಣಿತ

ಕೇಳ್ರಪ್ಪಾ, ಕಿವಿ ತೊಳಕೊಂಡು ಕೇಳ್ರಿ. ಈ ಕತೆಯ ಶಾಲೆಯಲ್ಲಿ ಮೊದಲನೇ ಮಣೆ ನಂದೇ. ಸುಳ್ಳು ಅನ್ನೋರಿದ್ರೆ ನನ್ನ ಜೊತೆ ಕೂತಿದ್ದ ಮೂವತ್ತೊಂಬತ್ತು ಮಂದೀನ ಎಬ್ಬಿಸಿಕೊಂಡು ಬರ್ರಿ. ಎಲ್ಲಾ ಮಣ್ಣಲ್ಲಿ ಮಲಗವ್ರೆ!

ಹೆಸರಿಲ್ಲದ ಒಂದು ಸೀಮೆ. ಕಾಗೆ ಬೆಳ್ಳಗಿದ್ದ ಕಾಲ. ಅಲ್ಲೊಬ್ಬ ಸಂಗಯ್ಯ ಮೇಷ್ಟ್ರು. ದನಿ ನಗಾರಿ, ವಿದ್ಯೆ ಸಮುದ್ರ. ಆದರೆ ನಲವತ್ತು ಮಕ್ಕಳಲ್ಲಿ ಒಂದರ ಹೆಸರೂ ಗೊತ್ತಿಲ್ಲ. ಎಲ್ಲರಿಗೂ ಒಂದೇ ಹೆಸರು: "ಲೇ ಕತ್ತೆ, ಇದು ಅ! ಲೇ ಕತ್ತೆ, ಇದು ಆ!"

ಅಕ್ಷರಗಳು ಏನು ಮಾಡಿದವು ಹೇಳ್ರಿ? ಮಕ್ಕಳ ಈ ಕಿವಿಯಲ್ಲಿ ಹೊಕ್ಕವು, ಆ ಕಿವಿಯಲ್ಲಿ ಹೊರಬಿದ್ದವು. ಕಿಟಕಿ ಹಾರಿದವು, ಬೇಲಿ ದಾಟಿದವು, ಉಪ್ಪು ಮಾರೋ ಸಂಕವ್ವನ ಕತ್ತೆಯ ಕಿವಿಯಲ್ಲಿ ಹೋಗಿ ಕೂತವು. ಆ ಕಿವಿಯಲ್ಲಿ ಜಾಗಕ್ಕೇನು ಬರ? ಆರು ತಿಂಗಳಿಗೆ ಕತ್ತೆ ಮೂಟೆ ಹೊತ್ತುಕೊಂಡೇ ಕಾಗುಣಿತ ಒಪ್ಪಿಸಿತು. ಮಕ್ಕಳು? ಬಾಯಿ ಬಿಟ್ಟರೆ ಬರೀ ಗಾಳಿ.

ಸುದ್ದಿ ರಾಜನಿಗೆ ಮುಟ್ಟಿತು. "ಮೂರನೇ ದಿನ ಸಂಜೆಗೆ ಬರ್ತೀನಿ. ಮಕ್ಕಳು ಒಪ್ಪಿಸದಿದ್ರೆ ಕತ್ತೆಗೆ ಮೇಷ್ಟ್ರ ಪೀಠ, ಮೇಷ್ಟ್ರಿಗೆ ಕತ್ತೆಯ ಮೂಟೆ!"

ಸಂಗಯ್ಯ ಬೆನ್ನು ಮುಟ್ಟಿ ನೋಡಿಕೊಂಡ. ಆಗಲೇ ಉಪ್ಪು ಉರಿದಂಗಾಯ್ತು.

ಮೊದಲ ದಿನ ಮಕ್ಕಳ ಒಂದೊಂದು ಕಿವಿಗೆ ಅರಳೆ ತುರುಕಿದ. ಅಕ್ಷರಗಳು ಮೂಗಿನಿಂದ ಹೊರಬಿದ್ದವು. ನಲವತ್ತು ಸೀನು! ಎರಡನೇ ದಿನ ಕತ್ತೆಯ ಕಿವಿಗೇ ಗೋಣಿ ಕಟ್ಟಿದ. ಕತ್ತೆ ಹಲ್ಲು ಬಿಟ್ಟು, "ಗ-ಗೆ ಓತ್ವ ಗೋ, ಣ-ಗೆ ಗುಡಿಸು ಣಿ" ಅಂತು.

ಮೂರನೇ ದಿನ ಬೆಳಿಗ್ಗೆ ಸಂಕವ್ವನ ಮುಂದೆ ಕುಕ್ಕರಿಸಿ ಅತ್ತೇಬಿಟ್ಟ.

"ಅವ್ವಾ, ನಿನ್ನ ಕತ್ತೆ ನನ್ನ ಅನ್ನ ಕಸೀತು!"

"ಥೂ, ಕತ್ತೆ ಅನ್ನಬ್ಯಾಡ್ರಿ. ಅವನು ಮುತ್ತಣ್ಣ. ಎಡಗಾಲು ನೋವು, ಇಳಿಜಾರು ಅಂದ್ರೆ ಭಯ. ನಿಮ್ಮ ಶಾಲೆ ಮಕ್ಕಳ ಹೆಸರೇನು?"

ಸಂಗಯ್ಯ ತಲೆ ಕೆರೆದುಕೊಂಡ.

"ನೋಡಿದ್ರಾ! ಕತ್ತೆ ಅಂತ ಕರೆದ್ರಿ, ಅಕ್ಷರ ಪಾಪ ಕತ್ತೆ ಮನೆಗೆ ಬಂದವು. ವಿಳಾಸ ತಪ್ಪಿಸಿದೋರು ನೀವು, ಬೈಸಿಕೊಳ್ಳೋನು ಮುತ್ತಣ್ಣ!"

ಸಂಗಯ್ಯ ಶಾಲೆಗೆ ಓಡಿದ. ಬೆತ್ತ ಸೂರಿಗೆ ಸಿಕ್ಕಿಸಿದ. ಮಕ್ಕಳ ನಡುವೆ ನೆಲಕ್ಕೆ ಕೂತ.

"ನಿನ್ನ ಹೆಸರೇನು ತಾಯಿ?"

"ಹುಲಿಗೆವ್ವ. ನಾನು ಎಡಚಿ ರೀ. ಬಲಗೈಲಿ ತಿದ್ದು ಅಂದ್ರೆ ಬರೋದಿಲ್ಲ."

"ಎಡಗೈಲೇ ತಿದ್ದವ್ವಾ. ನಿನ್ನದು?"

"ದ್... ದ್... ದ್ಯಾವಪ್ಪ."

"ಅವನು ಹಾಡಿದ್ರೆ ತೊದಲೋದಿಲ್ಲ ರೀ!" ಅಂದಳು ಹುಲಿಗೆವ್ವ.

"ಹಾಗಾದ್ರೆ ಹಾಡೇ ಹೇಳಪ್ಪಾ."

ಏನಾಯ್ತು ಅಂತೀರಿ? ಹೆಸರು ಕರೆದಂಗೆಲ್ಲ ಅಕ್ಷರಗಳು ಮುತ್ತಣ್ಣನ ಕಿವಿಯಿಂದ ಇಳಿದವು. ಇರುವೆ ಸಾಲಿನಂಗೆ ಬಂದವು. ಅವರವರ ಕಿವಿ ಹೊಕ್ಕು ಚಿಲಕ ಹಾಕಿಕೊಂಡವು.

ಸಂಜೆಗೆ ರಾಜ ಬಂದ. ದ್ಯಾವಪ್ಪ ಕಾಗುಣಿತ ಹಾಡಿದ. ಹುಲಿಗೆವ್ವ ಎಡಗೈಲಿ ರಾಜನ ಹೆಸರೇ ಬರೆದಳು. ಪೀಠ ಉಳೀತು. ಆದ್ರೂ ಅವತ್ತಿಂದ ಇಳಿಜಾರು ಬಂದಾಗೆಲ್ಲ ಮುತ್ತಣ್ಣನ ಮೂಟೆಗೆ ಹೆಗಲು ಕೊಡೋನು ಸಂಗಯ್ಯನೇ. ನಲವತ್ತಕ್ಕೆ ನಲವತ್ತೂ ಮಕ್ಕಳು ಪಂಡಿತರಾದರು!

ಏನಂದೆ, ಮೊಮ್ಮಗಳೇ ಚಿಕ್ಕೀರಿ? ನಲವತ್ತೂ ಕಲಿತಿದ್ರೆ ತಾತ ಯಾಕೆ ಇನ್ನೂ ಹೆಬ್ಬೆಟ್ಟು ಒತ್ತುತಾನೆ ಅಂದೆಯಾ?

ಹೂಂ... ಮೇಷ್ಟ್ರು ನನ್ನ ಹೆಸರು ಕೇಳೋ ಹೊತ್ತಿಗೆ ನಾನು ಹುಣಸೆ ಮರದ ಮೇಲಿದ್ದೆ ಕಣವ್ವಾ. ನನ್ನ ಪಾಲಿಂದು ಮುತ್ತಣ್ಣನ ಕಿವಿಯಲ್ಲೇ ಉಳೀತು. ಹೋಗಲಿ ಬಿಡು, ನಮ್ಮಿಬ್ಬರಲ್ಲಿ ಒಬ್ಬನಾದ್ರೂ ಓದಿಕೊಂಡ.

ಕತೆ ಕತ್ತೆ ಏರಿ ಹೋಯ್ತು. ನಾವು ನಡಕೊಂಡು ಹೋಗಾಣ, ಏಳ್ರಿ.