ಪಾಪಯ್ಯನವರು ಖಾತೆ ಉಳಿಸಿಕೊಂಡ ಕಾರಣ

ಫೇಸ್‌ಬುಕ್ ಖಾತೆ ಅಳಿಸಿಬಿಡಲೇ? ಅಳಿಸಿದರೆ ಯಾರಿಗೆ ತಾನೇ ಗೊತ್ತಾಗುತ್ತದೆ? ಕತ್ರಿಗುಪ್ಪೆಯ ಬಸ್ ನಿಲ್ದಾಣದಲ್ಲಿ ನಾನು ಹೀಗೆ ಯೋಚಿಸುತ್ತ ಕೂತಿದ್ದಾಗ, ಪಕ್ಕದಲ್ಲಿದ್ದ ಹೆಂಗಸು ಜೊತೆಯಲ್ಲಿದ್ದ ಹಿರಿಯರನ್ನು ಛೇಡಿಸಿದರು.

“ಪಾಪಯ್ಯಣ್ಣ, ನಮ್ಮ ಸಂಘದ ಮೀಟಿಂಗಲ್ಲಿ ದೊಡ್ಡ ಕಂಪನಿಗಳಿಗೆ ಬಾಯಿಗೆ ಬಂದಂಗೆ ಬೈತೀರ. ಬಸ್ ಸ್ಟಾಪಲ್ಲಿ ಕೂತು ಫೇಸ್‌ಬುಕ್ ನೋಡ್ತೀರ!”

“ಈಗ್ಲೂ ಬೈತೀನಿ ಲತಾಮಣಿ. ನಮ್ಮನ್ನೇ ಸಾಮಾನು ಮಾಡ್ಕೊಂಡು ಮಾರೋರು ಅವ್ರು.”

“ಮತ್ತೆ ಬಿಟ್ಬಿಡಿ.”

“ಬಿಟ್ರೆ ನಮ್ಮಣ್ಣ ಸಿಗ್ತಾನೇನಮ್ಮ? ಮರೆವು ಬಂದ್ಮೇಲೆ ಗೇಟ್ ತೆಗೆದಿದ್ರೆ ಸಾಕು, ಹೊರಟೇಬಿಡ್ತಾನೆ. ಏರಿಯಾ ಗ್ರೂಪಲ್ಲಿ ಫೋಟೋ ಹಾಕ್ತೀನಿ. ಮೊನ್ನೆ ತ್ಯಾಗರಾಜನಗರದಲ್ಲಿ ಸಿಕ್ಕಿದ.”

“ಕೈ ಹಿಡಿದ್ರೆ ಹೊಡೆಯಕ್ಕೇ ಬರ್ತಾರಲ್ಲ ಅವ್ರು?”

“ಹಿಡೀಬಾರ್ದು. ಜೀವನಪೂರ್ತಿ ಸಿಟಿ ಬಸ್ ಓಡಿಸಿದೋನು. ಕಂಡಕ್ಟರ್ ಥರ ಹಿಂದಿನಿಂದ ‘ಹೋಲ್ಡಾನ್’ ಅಂತ ಕೂಗಿದ್ರೆ ಅಲ್ಲೇ ನಿಲ್ತಾನೆ. ಗ್ರೂಪಲ್ಲಿ ಎಲ್ರಿಗೂ ಗೊತ್ತು. ಯಾರೋ ಕಾಲೇಜ್ ಹುಡ್ಗಿ ಹಂಗೇ ಕೂಗಿ ನಿಲ್ಸಿ, ಕಾಫಿ ಕುಡಿಸಿ, ನಾನು ಬರೋವರ್ಗೂ ಪಕ್ಕದಲ್ಲೇ ಕೂತಿದ್ಲು.”

“ಎಲ್ರನ್ನೂ ಬೇರೆ ಆ್ಯಪ್‌ಗೆ ಕರ್ಕೊಂಡು ಹೋಗಿ.”

“ಕರ್ದೆ. ನಾಲ್ಕು ಜನ ಬಂದ್ರು. ನಾಲ್ಕೂ ನಮ್ಮ ಮೀಟಿಂಗಿನೋರೇ!”

ಲತಾಮಣಿ ಜೋರಾಗಿ ನಕ್ಕರು. ಪಾಪಯ್ಯ ನಗಲಿಲ್ಲ.

“ಕಂಪನಿಗೆ ನನ್ನ ಬೈಗುಳ ಇದ್ದೇ ಇದೆ. ಆದ್ರೆ ಆ ಮಗು ಎಲ್ಲಿದ್ರೂ ಚೆನ್ನಾಗಿರ್ಲಮ್ಮ. ಅವತ್ತು ಅಣ್ಣನ್ನ ನೋಡಿದಾಗ್ಲೇ ನಂಗೆ ಉಸಿರು ಬಂದಿದ್ದು.”

ಚಿಕ್ಕಲಸಂದ್ರದ ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ನಿಮ್ಮ ಅಣ್ಣ ದಾರಿಯಲ್ಲಿ ಕಂಡರೆ, ನೀವು ಬರುವವರೆಗೂ ನಾನೂ ಜೊತೆಗೆ ಕೂತಿರುತ್ತೇನೆ ಎಂದು ಅವರಿಗೆ ನಾನು ಹೇಳಲಿಲ್ಲ. ಖಾತೆಯನ್ನೂ ಅಳಿಸಲಿಲ್ಲ.