ಮಹಿಳಾ ಗ್ರೂಪಿನ ಮೀಸೆಗಳು

ಭಜನೆ ಮುಗೀತು, ಮಂಗಳಾರತಿಗೆ ಮುಂಚೆ ಒಂದು ಕಥೆ ಕೇಳಿ ತಾಯಂದಿರಾ. ಕಂಬದ ಆ ಕಡೆ ತೂಕಡಿಸ್ತಾ ಕೂತಿರೋ ಗಂಡಸರೇ, ನೀವೂ ಕೇಳಿ. ಒಂದೂರಲ್ಲಿ ಒಬ್ಬ ಸಾಹುಕಾರ. ಎಂಥಾ ಸಾಹುಕಾರ? ಅವನ ಮನೆ ಎಮ್ಮೆ ಕೂಡ ಬಡವರ ಎಮ್ಮೆ ಕಂಡರೆ ಮುಖ ತಿರುಗಿಸ್ತಿತ್ತು, ಅಂಥಾ ಸಾಹುಕಾರ.

ಆ ಊರಲ್ಲಿ ಒಂದು ಬಾವಿ ಇತ್ತು. ಎಷ್ಟು ಆಳ ಅಂತೀರಿ? ಹೊಸ ಸೊಸೆ ಬಿಟ್ಟ ಕೊಡ ಮೇಲೆ ಬರೋ ಹೊತ್ತಿಗೆ ಅವಳು ಅಜ್ಜಿ ಆಗಿರ್ತಿದ್ದಳು. ಅಷ್ಟು ಹೊತ್ತು ಹೆಂಗಸರು ಸುಮ್ಮನೆ ನಿಲ್ತಾರಾ? ಯಾರ ಬೆನ್ನ ಮೇಲೆ ಬಾಸುಂಡೆ, ಯಾರ ಮಗಳಿಗೆ ಸ್ಕೂಲು ಬಿಡಿಸಿದರು, ಎಲ್ಲಾ ಅಲ್ಲೇ ಗೊತ್ತಾಗೋದು. ಬೆಳಿಗ್ಗೆ ಒಬ್ಬಳು ಅತ್ತರೆ ಮಧ್ಯಾಹ್ನಕ್ಕೆ ಅವಳ ಮನೆ ಜಗಲಿ ತುಂಬಾ ಹೆಂಗಸರು, ಸೊಂಟದಲ್ಲಿ ಖಾಲಿ ಕೊಡ. ಆ ಮನೆ ಗಂಡಸು ದಾರಿಗೆ ಬರೋವರೆಗೂ ಏಳ್ತಿರಲಿಲ್ಲ. ಆ ರಾಟೆ ಕಿರಗುಟ್ಟೋದು, ಆ ಒದ್ದೆ ಹಗ್ಗದ ವಾಸನೆ... ನೆನೆಸಿಕೊಂಡರೆ ನನ್ನ ಅಂಗೈ ಈಗಲೂ ಉರಿಯುತ್ತೆ, ಆದರೂ ಹಿತವಾಗಿ.

ಸಾಹುಕಾರ ಮನೆಮನೆಗೆ ನಲ್ಲಿ ಹಾಕಿಸಿದ, ಬಾವಿ ಮುಚ್ಚಿಸಿದ. ಒಳ್ಳೇದೇ. ಬೆನ್ನು ಉಳಿಯಿತು, ಮಾತು ನಿಂತುಹೋಯಿತು. ಆಮೇಲೆ ಫೋನು ಬಂತು. ಹೆಂಗಸರೂ ಮುಂದೆ ಬರಬೇಕು ಅಂತ ಅವನೇ ವಾಟ್ಸಾಪಿನಲ್ಲಿ ಮಹಿಳಾ ಗ್ರೂಪು ಮಾಡಿಸಿದ. ಹೆಸರೆಲ್ಲ ಹೆಂಗಸರದ್ದು. ನಂಬರು? ನೋಡಿ, ಅಲ್ಲೇ ಇರೋದು ತಮಾಷೆ. ಹೆಂಡತಿ ನಂಬರನ್ನ ಯಾವ ಗಂಡಸು ಕೊಡ್ತಾನೆ? ಎಲ್ಲರೂ ತಮ್ಮದೇ ಬರೆಸಿದರು. ಮಹಿಳಾ ಗ್ರೂಪಿನ ತುಂಬಾ ಮೀಸೆಗಳು. ಮಹಿಳಾ ದಿನಕ್ಕೆ ಒಬ್ಬರಿಗೊಬ್ಬರು ಗುಲಾಬಿ ಕಳಿಸಿಕೊಂಡು ಕೂತಿದ್ದರು.

ಇಂಥಾ ಸಾಹುಕಾರ ಹತ್ತನೇ ಕ್ಲಾಸು ಓದ್ತಿದ್ದ ಮಗಳಿಗೆ ಗಂಡು ಗೊತ್ತುಮಾಡಿಬಿಟ್ಟ. ಹುಡುಗಿ ಊಟ ಬಿಟ್ಟಳು. ತಾಯಿ ಬೇಡಿಕೊಂಡಳು, ಅವನು ಕೇಳಲಿಲ್ಲ. ಮೊದಲಾಗಿದ್ದರೆ ಬಾವಿಕಟ್ಟೆ ಹೆಂಗಸರ ಹತ್ತಿರ ಓಡ್ತಿದ್ದಳು. ಈಗ ಎಲ್ಲಿಗೆ ಓಡಬೇಕು? ಮಧ್ಯಾಹ್ನ ಗಂಡ ಉಂಡು ಮಲಗಿದ್ದಾಗ ಅವನ ಫೋನು ತಗೊಂಡಳು. ಊರಿನ ಹೆಂಗಸರೆಲ್ಲ ಅದರೊಳಗೇ ಇದ್ದಾರೆ ಅಂತ ಪಾಪ, ಅವಳ ನಂಬಿಕೆ. ಅಕ್ಷರ ಬರಲ್ಲ, ಮಗಳು ಆ ಗ್ರೂಪು ತೆಗೆದು ತೋರಿಸಿದ ಕಡೆ ಒತ್ತಿ ಹಿಡಿದು ಮಾತಾಡಿದಳು.

"ಅಕ್ಕದೀರಾ, ನಮ್ ಹುಡುಗೀನ ಸ್ಕೂಲ್ ಬಿಡ್ಸಿ ಲಗ್ನ ಮಾಡ್ತಾವ್ರೆ. ಯಾರಾದ್ರೂ ಇದೀರಾ?"

ಆ ದನಿ ಎಲ್ಲಿ ಕೇಳಿಸಿತು? ಕ್ಷೌರದಂಗಡೀಲಿ, ಟೀ ಅಂಗಡೀಲಿ, ಅರಳಿಕಟ್ಟೇಲಿ. ಗಂಡಸರು ಕೇಳಿದರು, ಕೆಮ್ಮಿದರು, ಜೇಬಿಗೆ ಹಾಕಿಕೊಂಡರು. ಒಬ್ಬ ಪುಣ್ಯಾತ್ಮ ಕೈ ಮುಗಿಯೋ ಚಿತ್ರ ಕಳಿಸಿದ.

ಟೀ ಅಂಗಡಿಯವನ ಸೋಸೋ ಕೈ ಮಾತ್ರ ನಿಂತಿತು. ಒಳಗೆ ಲೋಟ ತೊಳೀತಿದ್ದ ಹೆಂಡತಿ ಹತ್ತಿರ ಹೋಗಿ ಫೋನು ಕೊಟ್ಟ.

"ತಗೋ, ಇದು ನಿಂಗೆ ಬಂದಿರೋದು."

ಅವಳು ಕೇಳಿಸಿಕೊಂಡಳು. "ನಾನಿವ್ನಿ ಕಣಕ್ಕ" ಅಂತ ಅದರಲ್ಲೇ ಹೇಳಿದಳು. ಅಷ್ಟಕ್ಕೆ ಬಿಟ್ಟಳಾ? ಫೋನು ಸೆರಗಲ್ಲಿ ಇಟ್ಟುಕೊಂಡು ಮನೆಮನೆ ಅಡುಗೆಮನೆಗೆ ಹೋಗಿ ಆ ದನಿ ಕೇಳಿಸಿದಳು. ಮಸ್ಕತ್ತಲ್ಲಿ ಮನೆಗೆಲಸಕ್ಕಿದ್ದ ತಂಗಿಗೂ ಕಳಿಸಿದಳು. ತಂಗಿ ಜೊತೆಯವರಿಗೆ ಅರ್ಥ ಹೇಳಿದಳು, ಅವರು ತಮ್ಮ ತಮ್ಮ ದೇಶಕ್ಕೆ ಮುಟ್ಟಿಸಿದರು. ಸಂಜೆಗೆ ಏಳು ಸಮುದ್ರದ ಆಚೆಯಿಂದ ಯಾವ್ಯಾವುದೋ ಭಾಷೇಲಿ ಹೆಂಗಸರ ದನಿ ಬಂತು. ಟೀ ಅಂಗಡಿಯವಳು ಹಿತ್ತಿಲ ಬಾಗಿಲಿಂದ ಹೋಗಿ ಕೇಳಿಸಿದರೆ, ಆ ತಾಯಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಆಗಬೇಕಾ? ಬಾವಿಕಟ್ಟೇಲಿ ಅಳೋಳಿಗೆ ಪಕ್ಕದಲ್ಲಿ ಒಬ್ಬಳು ನಿಂತರೆ ಸಾಲದಾ?

ಬೆಳಿಗ್ಗೆ ಸಾಹುಕಾರ ಬಾಗಿಲು ತೆಗೆದ. ಜಗಲಿ ತುಂಬಾ ಹೆಂಗಸರು, ಸೊಂಟದಲ್ಲಿ ಖಾಲಿ ಕೊಡ. ನಲ್ಲೀಲಿ ನೀರು ಬರ್ತಿಲ್ವಾ ಅಂತ ಕೇಳಿದ.

"ಬತ್ತದೆ ಸ್ವಾಮಿ," ಅಂದಳು ಟೀ ಅಂಗಡಿಯವಳು. "ಬಾವಿ ಮುಚ್ಚಿಸ್ಬುಟ್ರಲ್ಲ, ಅದ್ಕೇ ಇನ್ಮೇಲೆ ಇಲ್ಲೇ ಕೂತ್ಕೊಳವಾ ಅಂತ ಬಂದೋ."

ಮದುವೆ ಇಲ್ಲ ಅಂತ ಗಂಡಿನ ಕಡೆಗೆ ಹೇಳಿಕಳಿಸೋವರೆಗೂ ಒಂದು ಕೊಡವೂ ಮೇಲೇಳಲಿಲ್ಲ. ಹುಡುಗಿ ಚೀಲ ಹಾಕಿಕೊಂಡು ಆ ಕೊಡಗಳ ಮಧ್ಯೆ ದಾರಿ ಮಾಡಿಕೊಂಡು ಸ್ಕೂಲಿಗೆ ಹೋದಳು.

ನಗ್ತೀರಾ? ನಮ್ಮ ಭಜನೆ ಮಹಿಳಾ ಗ್ರೂಪು ತೆಗೆದು ನೋಡಿ. ನನ್ನ ಹೆಸರಿನ ಮುಂದೆ ಇವತ್ತಿಗೂ ತೀರಿಕೊಂಡ ನಮ್ಮ ಯಜಮಾನರ ನಂಬರು. ನೀವು ನನಗೆ ಕಳಿಸಿದ ಗುಲಾಬಿಯೆಲ್ಲ ನೇರ ಸ್ವರ್ಗಕ್ಕೆ ಹೋಗ್ತಿದೆ.

ಗಂಡಸರೇ, ನಿಮ್ಮ ನಂಬರು ತೆಗೆಸಿ ಅವಳದ್ದು ಹಾಕಿಸಿ. ಅವಳಿಗೆ ಫೋನಿಲ್ಲವಾ? ಕೊಡಿಸಿ, ಅಲ್ಲೀವರೆಗೂ ಅವಳಿಗೆ ಬಂದ ಮಾತನ್ನ ಅವಳ ಕೈಗೆ ಕೊಡಿ. ತಾಯಂದಿರಾ, ದಿನಾ ಹೂವಿನ ಚಿತ್ರ ಕಳಿಸಿ, ಬೇಡ ಅನ್ನಲ್ಲ. ಆದರೆ ಯಾವೂರವಳೇ ಆಗಲಿ, ಯಾವ ದೇಶದವಳೇ ಆಗಲಿ, ಯಾರಾದರೂ ಇದೀರಾ ಅಂತ ಕೇಳಿದರೆ, ಕೈಯಲ್ಲಿ ಹಿಟ್ಟಿದ್ದರೂ ಒರೆಸಿಕೊಂಡು ನಾನಿದೀನಿ ಅನ್ನಿ.

ಮಂಗಳಾರತಿ ಸ್ವಲ್ಪ ತಡೆಯಲಿ. ಮೊದಲು ಫೋನುಗಳು ಕಂಬದ ಆ ಕಡೆಯಿಂದ ಈ ಕಡೆಗೆ ಬರಲಿ.