ಹೊಸಬರ ಪಂದ್ಯದಲ್ಲಿ ಕೆಂಪಿ

ಬಾಯಾರಿನ ಹಾಲಿನ ಸೊಸೈಟಿಯಲ್ಲಿ ಬೆಳಗ್ಗೆ ಸಾಲು ಉದ್ದವಿತ್ತು. ನನ್ನ ಮುಂದೆ ನಿವೃತ್ತ ಗಣಿತ ಟೀಚರ್ ದೇವಕಿ, ಅವರ ಮುಂದೆ ಅವರ ಹಳೆಯ ವಿದ್ಯಾರ್ಥಿ ಭವಿತ್. ಇಬ್ಬರ ಕೈಯಲ್ಲೂ ಹಾಲಿನ ಕ್ಯಾನು. ಮಾತು ಮಾತ್ರ ಫೋನಿನಲ್ಲಿ ಆಡುವ ಗಾಲ್ಫಿನದ್ದು.

“ನಿನ್ನೆಯೂ ಸೋತೆ ಟೀಚರ್.”

“ಹೊಸಬರ ಪಂದ್ಯದಲ್ಲಾ?”

“ಹೌದು. ಆದರೆ ಅಲ್ಲಿ ಗೆಲ್ಲುವವರು ಹೊಸಬರೇ ಅಲ್ಲ. ಮೊದಲು ಕೆಂಪಿ ಅಂತ ಒಬ್ಬಳು ಬಂದು ಮೂರು ಕಪ್ ಗೆದ್ದಳು. ಅವಳನ್ನು ಮೇಲಿನ ಮಟ್ಟಕ್ಕೆ ಹಾಕಿದ ಮರುದಿನವೇ ಬೊಳ್ಳಿ ಅಂತ ಇನ್ನೊಬ್ಬಳು. ಅದೇ ಹೊಡೆತ, ಗಾಳಿಗೆ ಅದೇ ಲೆಕ್ಕ.”

“ಲೆಕ್ಕ ಮಾಡಿ ಹೊಡೆದರೆ ತಪ್ಪಾ?”

“ಹತ್ತನೇ ಕ್ಲಾಸಿನವರು ಒಂದನೇ ಕ್ಲಾಸಿನ ಪರೀಕ್ಷೆಗೆ ಕೂತ ಹಾಗೆ ಅಲ್ವಾ ಅದು? ನೀವಾದರೆ ಬಿಡ್ತಿದ್ರಾ?”

ಟೀಚರ್ ಕ್ಯಾನಿನ ಮುಚ್ಚಳ ಬಿಗಿ ಮಾಡಿದರು.

“ಮೇಲಿನ ಮಟ್ಟದಲ್ಲಿ ದಿನಾ ಸೋಲೇ ಮಾರಾಯ. ಅವಳಿಗೂ ಗೆಲ್ಲುವ ಆಸೆ ಇರುವುದಿಲ್ವಾ?”

“ನನಗೂ ಉಂಟು ಟೀಚರ್. ಒಂದು ವರ್ಷದಿಂದ ಆಡ್ತೇನೆ, ಒಂದು ಕಪ್ ಸಿಗಲಿಲ್ಲ.”

“ಇನ್ನು ಸಿಗ್ತದೆ ಬಿಡು. ನಿನ್ನೆ ರಾತ್ರಿ ಬೊಳ್ಳಿಯೂ ಮೇಲೆ ಹೋದಳಲ್ಲ.”

ಭವಿತ್ ಅವರ ಮುಖ ನೋಡಿದ. ಅಷ್ಟರಲ್ಲಿ ಅವನ ಸರದಿ ಬಂತು. ಹಾಲು ಅಳೆದುಕೊಟ್ಟು ಖಾಲಿ ಕ್ಯಾನು ಎತ್ತಿಕೊಂಡ.

“ನಿಮ್ಮ ಹಟ್ಟಿಯಲ್ಲಿ ಬೊಳ್ಳಿಗೆ ಹೆಣ್ಣು ಕರು ಹುಟ್ಟಿತಂತಲ್ಲ ಟೀಚರ್. ಹೆಸರು ಇಟ್ಟಾಯ್ತಾ?”

“ಇಲ್ಲ. ಎಂತಕ್ಕೆ?”

“ಶನಿವಾರದವರೆಗೆ ಇಡಬೇಡಿ. ಅವತ್ತು ನನಗೆ ಪಂದ್ಯ ಉಂಟು,” ಎಂದು ಹೇಳಿ ಅವನು ಬೈಕು ಹತ್ತಿದ.